ಒಂದು ಮಿಲಿಲೀಟರ್ ರಕ್ತ

ತಿಂಗಳು ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯುವಿನ (ನವಜಾತ ಶಿಶುಗಳ ತೀವ್ರ ನಿಗಾ ಘಟಕದ) ಇನ್‌ಕ್ಯುಬೇಟರಿನೊಳಗೆ ಮಲಗಿರುವ ಶಿಶುವಿನ ರಕ್ತದಲ್ಲಿ ಶಿಲೀಂಧ್ರ ಸೇರಿಕೊಂಡಿದೆಯೇ ಎಂಬ ಪ್ರಶ್ನೆಗೆ ಪ್ರಯೋಗಾಲಯದಿಂದ ಉತ್ತರ ಕೊಡುವುದು ಹೊರಗಿನವರು ಎಣಿಸಿದಷ್ಟು ಸುಲಭವಲ್ಲ. ರಕ್ತ ತೆಗೆದು ಕಳುಹಿಸಿದರಾಯಿತು, ಉಳಿದದ್ದನ್ನು ಯಂತ್ರ ಹೇಳುತ್ತದೆ ಎಂದು ಕಿಟಕಿಯ ಹೊರಗೆ ವರದಿಗಾಗಿ ಕಾಯುವ ಮನೆಯವರು ತಿಳಿದಿರುತ್ತಾರೆ. ವಾರ್ಡಿಗೆ ಹೊಸದಾಗಿ ಬಂದ ಕಿರಿಯ ಡಾಕ್ಟರುಗಳಲ್ಲಿಯೂ ಕೆಲವರು ಹಾಗೆಯೇ ತಿಳಿದಿರುವುದನ್ನು ಕಂಡಿದ್ದೇನೆ. ನಾನು ಕಾಸರಗೋಡು ಪೇಟೆಯ ಒಂದು ಆಸ್ಪತ್ರೆಯ ಸೂಕ್ಷ್ಮಜೀವಿ ವಿಭಾಗದಲ್ಲಿ ಟೆಕ್ನಿಷಿಯನ್. ಒಂದು ಮಳೆಗಾಲದಲ್ಲಿ ಬದಿಯಡ್ಕದ ಕಡೆಯ ಹೆಣ್ಣು ಶಿಶುವೊಂದರ ಸ್ಯಾಂಪಲುಗಳು ನಮ್ಮಲ್ಲಿಗೆ ಬರತೊಡಗಿದವು. ಮೊದಲ ಬಾಟಲಿಯಿಂದ ಕೊನೆಯ ಬಾಟಲಿಯವರೆಗೆ ಹೆಚ್ಚಿನವು ನನ್ನ ಕೈಯಿಂದಲೇ ಹಾದುಹೋದದ್ದರಿಂದ, ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಅದೊಂದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಮಗು 27 ವಾರಕ್ಕೆ ಹುಟ್ಟಿತ್ತು, ಹುಟ್ಟುವಾಗ ತೂಕ 900 ಗ್ರಾಂ. ಇಷ್ಟು ಬೇಗ ಹುಟ್ಟಿದ ಶಿಶುವಿನ ಚರ್ಮ ಇನ್ನೂ ಬಲಿತಿರುವುದಿಲ್ಲ, ಕರುಳು ಹಾಲನ್ನು ಅರಗಿಸಿಕೊಳ್ಳುವುದಿಲ್ಲ, ಶ್ವಾಸಕೋಶಕ್ಕೆ ಯಂತ್ರದ ಆಸರೆ ಬೇಕಾಗುತ್ತದೆ. ಹಾಗಾಗಿ ಉಸಿರಾಟಕ್ಕೆ ಒಂದು ಕೊಳವೆ, ರಕ್ತನಾಳದೊಳಗಿಂದ ಹೃದಯದ ಸಮೀಪದವರೆಗೆ ಹೋಗುವ ಲಾಂಗ್ ಲೈನ್ ಎಂಬ ತೆಳ್ಳಗಿನ ನಳಿಕೆ, ಅದರ ಮೂಲಕ ಗ್ಲೂಕೋಸು, ಅಮೈನೋ ಆಮ್ಲ ಮತ್ತು ಕೊಬ್ಬಿನ ದ್ರಾವಣ, ಜೊತೆಗೆ ಸೋಂಕಿನ ಭಯದಿಂದ ಮೊದಲ ದಿನದಿಂದಲೇ ಆಂಟಿಬಯೋಟಿಕ್ ಇರುತ್ತವೆ. ಮಗುವನ್ನು ಬದುಕಿಸುವ ಈ ಏರ್ಪಾಡುಗಳೇ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ದಾರಿಯನ್ನೂ ಮಾಡಿಕೊಡುತ್ತವೆ. ಕ್ಯಾಂಡಿಡಾ ನಮ್ಮಲ್ಲಿ ಹೆಚ್ಚಿನವರ ಚರ್ಮದ ಮೇಲೆ ಮತ್ತು ಕರುಳಿನಲ್ಲಿ ತಂಟೆಯಿಲ್ಲದೆ ಇರುವಂಥದ್ದೇ. ಆಂಟಿಬಯೋಟಿಕ್‌ಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಅಳಿಸಿಹಾಕಿದಾಗ ಅದಕ್ಕೆ ಜಾಗ ಸಿಗುತ್ತದೆ, ಲಾಂಗ್ ಲೈನಿನ ಒಳಮೈ ಅದಕ್ಕೆ ಅಂಟಿಕೊಳ್ಳಲು ನೆಲೆಯಾಗುತ್ತದೆ.

ಮೂರನೆಯ ವಾರದಲ್ಲಿ ಈ ಮಗು ಉಸಿರು ಕಟ್ಟಿ ಕಟ್ಟಿ ಬಿಡತೊಡಗಿತು, ಹೊಟ್ಟೆ ಉಬ್ಬಿತು, ರಕ್ತದ ಸಕ್ಕರೆ ಕಾರಣವಿಲ್ಲದೆ ಏರಿತು, ಪ್ಲೇಟ್‌ಲೆಟ್ ಸಂಖ್ಯೆ 40 ಸಾವಿರಕ್ಕೆ ಇಳಿಯಿತು. ಇವುಗಳಲ್ಲಿ ಒಂದೂ ಶಿಲೀಂಧ್ರಕ್ಕೆ ಮಾತ್ರ ಸೇರಿದ ಲಕ್ಷಣವಲ್ಲ, ಬ್ಯಾಕ್ಟೀರಿಯಾ ಸೋಂಕಿನಲ್ಲಿಯೂ ಇದೇ ಚಿತ್ರ ಕಾಣುತ್ತದೆ. ಪ್ಲೇಟ್‌ಲೆಟ್ ಇಷ್ಟು ಇಳಿದಿದ್ದು, ಕೊಟ್ಟ ಆಂಟಿಬಯೋಟಿಕ್ ಯಾವುದಕ್ಕೂ ಕಾಯಿಲೆ ಜಗ್ಗದೆ ಇದ್ದಾಗ ಮಾತ್ರ ಅನುಭವವುಳ್ಳ ಡಾಕ್ಟರುಗಳ ಯೋಚನೆ ಶಿಲೀಂಧ್ರದ ಕಡೆಗೆ ತಿರುಗುತ್ತದೆ.

ಮೊದಲ ಬಾಟಲಿ ಬಂದದ್ದು ಆಗ. ಮಕ್ಕಳ ಬ್ಲಡ್ ಕಲ್ಚರ್ ಬಾಟಲಿ, ಎಂದರೆ ರಕ್ತದಲ್ಲಿರುವ ಜೀವಿಗಳನ್ನು ಬೆಳೆಸಿ ನೋಡುವ ಬಾಟಲಿ, ಒಂದರಿಂದ ಮೂರು ಮಿಲಿಲೀಟರ್ ರಕ್ತಕ್ಕೆಂದು ಮಾಡಿದ್ದು. ನಮ್ಮ ವಿಭಾಗದಲ್ಲಿ ಎನ್‌ಐಸಿಯುವಿಗೆ ಹೋಗುವ ಪ್ರತಿಯೊಂದು ಖಾಲಿ ಬಾಟಲಿಯನ್ನು ಮೊದಲೇ ತೂಗಿ, ತೂಕವನ್ನು ಅದರ ಮೇಲೆಯೇ ಬರೆದು ಕಳುಹಿಸುವ ರೂಢಿಯಿದೆ. ರಕ್ತ ಹಾಕಿ ಮರಳಿ ಬಂದಾಗ ಇನ್ನೊಮ್ಮೆ ತೂಗಿದರೆ ಒಳಗೆ ಬಿದ್ದದ್ದೆಷ್ಟು ಎಂಬುದು ಗೊತ್ತಾಗುತ್ತದೆ. ಒಂದು ಮಿಲಿಲೀಟರ್ ರಕ್ತದ ತೂಕ ಒಂದು ಗ್ರಾಮಿಗಿಂತ ತುಸು ಹೆಚ್ಚು. ಈ ಬಾಟಲಿಯ ತೂಕ ಏರಿದ್ದು ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಮಾತ್ರ, ಎಂದರೆ ಸುಮಾರು 0.3 ಮಿಲಿಲೀಟರ್ ರಕ್ತ.

ಇದರಲ್ಲಿ ವಾರ್ಡಿನವರನ್ನು ದೂರುವಂಥದ್ದೇನೂ ಇಲ್ಲ. ಅವಧಿಪೂರ್ವ ಶಿಶುವಿನ ಮೈಯಲ್ಲಿ ಕಿಲೋ ತೂಕಕ್ಕೆ 80ರಿಂದ 100 ಮಿಲಿಲೀಟರ್ ರಕ್ತವಿರುತ್ತದೆ. ಈ ಮಗುವಿನ ಮೈಯಲ್ಲಿದ್ದ ಒಟ್ಟು ರಕ್ತ 90 ಮಿಲಿಲೀಟರಿನ ಆಸುಪಾಸು. ಅದರಿಂದಲೇ ಬ್ಲಡ್ ಗ್ಯಾಸ್, ಲವಣಾಂಶ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಉರಿಯೂತ ತೋರಿಸುವ ಸಿಆರ್‌ಪಿ, ಎಲ್ಲವೂ ಆಗಬೇಕು. ತೆಗೆದ ಪ್ರತಿಯೊಂದು ಹನಿಯನ್ನೂ ಸಿಸ್ಟರುಗಳು ಚಾರ್ಟಿನಲ್ಲಿ ಬರೆದಿಡುತ್ತಾರೆ, ಹೆಚ್ಚಾದರೆ ಮಗುವಿಗೆ ರಕ್ತ ಏರಿಸಬೇಕಾಗುತ್ತದೆ. ಕೂದಲೆಳೆಯಂಥ ನಾಳದಿಂದ ರಕ್ತ ತೊಟ್ಟಿಕ್ಕುವಾಗ ಮೊದಲು ತುರ್ತಿನ ಪರೀಕ್ಷೆಗಳ ಕೊಳವೆ ತುಂಬುತ್ತದೆ, ಕಲ್ಚರಿಗೆ ಸಿಗುವುದು ಉಳಿದದ್ದು.

ಆದರೂ ಲೆಕ್ಕ ಲೆಕ್ಕವೇ. ಶಿಶುಗಳ ಕ್ಯಾಂಡಿಡಾ ಸೋಂಕಿನಲ್ಲಿ ರಕ್ತದೊಳಗಿನ ಶಿಲೀಂಧ್ರದ ಕೋಶಗಳು ಹಲವು ಬಾರಿ ಬಹಳ ವಿರಳ. ಒಂದು ಮಿಲಿಲೀಟರಿಗೆ ಸರಾಸರಿ ಒಂದೇ ಕೋಶವಿದೆ ಎಂದಿಟ್ಟುಕೊಂಡರೆ, 0.3 ಮಿಲಿಲೀಟರಿನಲ್ಲಿ ಒಂದಾದರೂ ಕೋಶ ಬಾಟಲಿಗೆ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪೂರ್ತಿ ಒಂದು ಮಿಲಿಲೀಟರ್ ಸಿಕ್ಕಿದರೆ ಅದು ಹೆಚ್ಚುಕಡಿಮೆ ಮೂರರಲ್ಲಿ ಎರಡಕ್ಕೆ ಏರುತ್ತದೆ. ಬಾಟಲಿಯೊಳಗೆ ಕೋಶವೇ ಬೀಳದಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಐದು ದಿನ ಅಲುಗಾಡಿಸಿ ನೋಡಿದರೂ ಅದರಲ್ಲಿ ಬೆಳೆಯುವುದಕ್ಕೆ ಏನೂ ಇರುವುದಿಲ್ಲ. ಈ ಪರೀಕ್ಷೆಯ ಬಲವೆಲ್ಲ ಸೂಜಿಯ ತುದಿಯಲ್ಲಿಯೇ ತೀರ್ಮಾನವಾಗುತ್ತದೆ, ಉಳಿದ ಬಣ್ಣ, ಪ್ಲೇಟು, ಉಪಕರಣಗಳು ಅದರ ನಂತರದ ಮಾತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬಾಟಲಿಯನ್ನು ಯಂತ್ರಕ್ಕೆ ಹಾಕಿದೆವು. ಯಂತ್ರವೆಂದರೆ ದೇಹದ ಬಿಸಿಯಲ್ಲಿರುವ ಒಂದು ಕಪಾಟು. ಬಾಟಲಿಗಳನ್ನು ಮೆಲ್ಲನೆ ಅಲುಗಾಡಿಸುತ್ತಾ, ಒಳಗೆ ಜೀವಿಗಳು ಬೆಳೆದು ಬಿಡುವ ಇಂಗಾಲದ ಡೈಆಕ್ಸೈಡನ್ನು ಬಾಟಲಿಯ ತಳದಲ್ಲಿರುವ ಸೆನ್ಸರಿನ ಮೂಲಕ ಕೆಲವು ನಿಮಿಷಗಳಿಗೊಮ್ಮೆ ಅಳೆಯುತ್ತಿರುತ್ತದೆ. 48 ಗಂಟೆ ಕಳೆದಾಗ ‘ಈವರೆಗೆ ಬೆಳವಣಿಗೆ ಇಲ್ಲ’ ಎಂಬ ಮಧ್ಯಂತರ ವರದಿ ಹೊರಡುತ್ತದೆ, ಐದು ದಿನ ತುಂಬಿದ ಮೇಲೆ ಅಂತಿಮ ವರದಿ. ಮಧ್ಯಂತರ ವರದಿಯನ್ನು ಕೊಂಡುಹೋಗಲು ಬಂದದ್ದು ಮಗುವಿನ ಅಜ್ಜಿ. ವಾರ್ಡಿನಲ್ಲಿ ಮಾತೆಲ್ಲ ಮಲಯಾಳದಲ್ಲಿ, ವರದಿ ಇಂಗ್ಲಿಷಿನಲ್ಲಿ. ನಾನು ಪಕ್ಕದವಳೊಡನೆ ತುಳುವಿನಲ್ಲಿ ಮಾತನಾಡಿದ್ದು ಕೇಳಿಸಿ ಅವರು ಕಿಟಕಿಯ ಹತ್ತಿರ ಬಂದು ಕನ್ನಡದಲ್ಲಿ ಕೇಳಿದರು: “ಇದರಲ್ಲಿ ಏನೂ ಇಲ್ಲಾಂತ ಬಂದಿದೆಯಂತೆ ಮಗಳೇ, ಮತ್ತೆ ಆ ಮಗುವಿನ ಕೈಗೆ ಪುನಃ ಪುನಃ ಚುಚ್ಚುದು ಯಾಕೆ?”

“ಇಷ್ಟರವರೆಗೆ ಏನೂ ಕಾಣ್ಲಿಲ್ಲ ಅಂತ ಮಾತ್ರ ಇದರಲ್ಲಿರುದು ಅಮ್ಮ. ಡಾಕ್ಟ್ರು ಇದನ್ನು ನೋಡಿ ಮದ್ದು ನಿಲ್ಲಿಸುದಿಲ್ಲ. ಇನ್ನೊಮ್ಮೆ ರಕ್ತ ಬೇಕಾದೀತು” ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗುವಂಥ ಉತ್ತರವೂ ಅದಲ್ಲ. ದೇಹದ ಒಳಗೆ ಬೇರೂರಿದ ಕ್ಯಾಂಡಿಡಾ ಸೋಂಕುಗಳಲ್ಲಿ ಬ್ಲಡ್ ಕಲ್ಚರ್ ಹಿಡಿಯುವುದು ಸುಮಾರು ಅರ್ಧವನ್ನು ಮಾತ್ರ ಎಂಬುದು ದೊಡ್ಡವರಲ್ಲಿಯೇ ಒಪ್ಪಿಕೊಂಡ ಮಾತು. ಮಗುವಿನಿಂದ ಸಿಗುವ ರಕ್ತದಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಹೇಗೆ? ಇದನ್ನು ಮನೆಯವರಿಗೆ ಮೊದಲೇ, ಅವರ ಭಾಷೆಯಲ್ಲಿ, ಯಾರಾದರೂ ಕುಳಿತು ಹೇಳಬೇಕು. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲವರು ಕಡಿಮೆಯೇನಿಲ್ಲ, ಆ ಕೆಲಸ ಯಾರದ್ದು ಎಂದು ಬರೆದಿಟ್ಟಿಲ್ಲ ಅಷ್ಟೆ.

ತೂಕದ ಲೆಕ್ಕವನ್ನು ನಾನು ಮೊದಲ ದಿನವೇ ವಾರ್ಡಿಗೆ ಫೋನು ಮಾಡಿ ಹೇಳಿದ್ದೆ. ಶಿಲೀಂಧ್ರದ ಮದ್ದನ್ನು, ಎಂದರೆ ಆಂಫೋಟೆರಿಸಿನ್ ಬಿಯನ್ನು, ಅನುಮಾನದ ಮೇಲೆಯೇ ಸುರುಮಾಡುವುದೆಂದು ಮಗುವನ್ನು ನೋಡುತ್ತಿದ್ದ ಡಾಕ್ಟರ್ ಮೇಡಂ ನಿಶ್ಚಯಿಸಿದ್ದರು. ಮೊದಲ ಡೋಸ್ ಹೋಗುವ ಮೊದಲು ಇನ್ನೊಂದು ಬಾಟಲಿ, ಲಾಂಗ್ ಲೈನಿನಿಂದಲ್ಲದೆ ಹೊಸ ನಾಳದಿಂದ, ಪೂರ್ತಿ ಒಂದು ಮಿಲಿಲೀಟರ್ ತೆಗೆಯಬೇಕೆಂದು ಬರೆದರು. ಮದ್ದು ಒಮ್ಮೆ ರಕ್ತಕ್ಕೆ ಸೇರಿದ ಮೇಲೆ ಬಾಟಲಿಯಲ್ಲಿ ಶಿಲೀಂಧ್ರ ಬೆಳೆಯುವುದು ಇನ್ನಷ್ಟು ಕಷ್ಟ.

ಆ ದಿನ ಅವರ ಮುಂದೆ ಇನ್ನೊಂದು ಆಯ್ಕೆಯೂ ಇತ್ತು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿರುವ ಬೀಟಾ-ಡಿ-ಗ್ಲೂಕಾನ್ ಎಂಬ ಸಕ್ಕರೆಯ ಸರಪಣಿಯನ್ನು ರಕ್ತದ ಸೀರಮಿನಲ್ಲಿ ಅಳೆಯುವ ಪರೀಕ್ಷೆಯೊಂದಿದೆ. ಜೀವಂತ ಕೋಶ ಬಾಟಲಿಯಲ್ಲಿ ಬೆಳೆಯುವುದನ್ನು ಕಾಯಬೇಕಾಗಿಲ್ಲ ಎಂಬುದು ಅದರ ಗುಣ. ನಮ್ಮಲ್ಲಿ ಅದಿಲ್ಲ, ಹೊರಗಿನ ದೊಡ್ಡ ಲ್ಯಾಬಿಗೆ ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ದೊಡ್ಡವರಲ್ಲಿ ಮಿಲಿಲೀಟರಿಗೆ 80 ಪಿಕೋಗ್ರಾಂ ದಾಟಿದರೆ ಪಾಸಿಟಿವ್ ಎನ್ನುತ್ತಾರೆ; ನವಜಾತ ಶಿಶುಗಳಲ್ಲಿ ಸೋಂಕಿಲ್ಲದಿದ್ದರೂ ಪ್ರಮಾಣ ಅದಕ್ಕಿಂತ ಹೆಚ್ಚಿರುವುದುಂಟಾದ್ದರಿಂದ ಅದೇ ಗೆರೆಯನ್ನು ಇಲ್ಲಿ ಎಳೆಯುವಂತಿಲ್ಲ. ಅಲ್ಲದೆ ಗಾಜ್ ಬಟ್ಟೆಯಿಂದ, ಏರಿಸಿದ ರಕ್ತದ ಉತ್ಪನ್ನಗಳಿಂದ, ಇಮ್ಯುನೋಗ್ಲೋಬುಲಿನ್‌ನಿಂದ, ಕೆಲವು ಬ್ಯಾಕ್ಟೀರಿಯಾ ಸೋಂಕುಗಳಿಂದಲೂ ಅದು ಸುಳ್ಳುಸುಳ್ಳೇ ಏರುತ್ತದೆ. ಈ ಮಗುವಿಗೆ ಆಗಲೇ ಪ್ಲೇಟ್‌ಲೆಟ್ ಏರಿಸಿಯಾಗಿತ್ತು. ಕಡಿಮೆ ಬಂದರೆ ಮದ್ದು ನಿಲ್ಲಿಸಲು ಧೈರ್ಯ ಕೊಡುವ ಪರೀಕ್ಷೆ ಅದು, ಹೆಚ್ಚು ಬಂದರೆ ಹೆಚ್ಚೇನನ್ನೂ ಹೇಳುವುದಿಲ್ಲ. ಇದ್ದ ರಕ್ತವನ್ನು ಎರಡು ಪಾಲು ಮಾಡುವುದಕ್ಕಿಂತ ಪೂರ್ತಿಯಾಗಿ ಕಲ್ಚರ್ ಬಾಟಲಿಗೇ ಹಾಕೋಣವೆಂದು ಮೇಡಂ ಹೇಳಿದ್ದು ಸರಿಯಾದ ತೀರ್ಮಾನ ಎಂದು ನನಗೆ ಆಗಲೂ ಅನ್ನಿಸಿತ್ತು. ಗ್ಲೂಕಾನ್ ಪರೀಕ್ಷೆಗೆ ಆಮೇಲೊಂದು ದಿನ ಕಳುಹಿಸಿದರು. ಹೆಚ್ಚು ಎಂದು ವರದಿ ಬರುವಷ್ಟರಲ್ಲಿ ಶಿಲೀಂಧ್ರದ ಹೆಸರೇ ನಮ್ಮ ಕೈಯಲ್ಲಿತ್ತು.

ಎರಡನೆಯ ಬಾಟಲಿಯ ತೂಕ ಸರಿಯಾಗಿತ್ತು. ಯಂತ್ರ ಕೂಗಿದ್ದು ಅಜ್ಜಿ ಬಂದುಹೋದ ಮರುದಿನ ಸಂಜೆಯ ಪಾಳಿಯಲ್ಲಿ. ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಮೊದಲ ದಿನವೇ ಸದ್ದು ಮಾಡುತ್ತವೆ, ಕ್ಯಾಂಡಿಡಾ ತುಸು ನಿಧಾನ. ಎರಡು ಮೂರು ದಿನ ತೆಗೆದುಕೊಳ್ಳುವುದೂ ಸಾಮಾನ್ಯ. ಬಾಟಲಿಯ ರಬ್ಬರಿನ ಬಾಯಿಯನ್ನು ಸ್ಪಿರಿಟಿನಿಂದ ಒರೆಸಿ, ಸಿರಿಂಜಿನಿಂದ ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಹರಡಿ, ಒಣಗಿಸಿ, ಜೀವಿಗಳು ಕಾಣುವಂತೆ ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿದೆ. ನೇರಳೆ ಬಣ್ಣ, ಅಯೋಡಿನ್, ತೊಳೆಯುವ ದ್ರಾವಣ, ಕೊನೆಗೆ ಸಫ್ರಾನಿನ್‌ನ ಕೆಂಪು. ಎಣ್ಣೆಯ ಹನಿಯಿಟ್ಟು ನೂರು ಪಟ್ಟು ಹಿಗ್ಗಿಸುವ ಮಸೂರದಡಿಯಲ್ಲಿ ನೋಡಿದಾಗ ಒಡೆದ ರಕ್ತಕಣಗಳ ಗುಲಾಬಿ ಹಿನ್ನೆಲೆಯಲ್ಲಿ ಗಾಢ ನೇರಳೆಯ ಮೊಟ್ಟೆಯಾಕಾರದ ಕೋಶಗಳು ಕಂಡವು. ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾದ ಗುಂಡುಗಳು ಇವುಗಳ ಪಕ್ಕದಲ್ಲಿ ಚುಕ್ಕೆಯಂತೆ ಕಂಡಾವು, ಅಷ್ಟು ದೊಡ್ಡವು. ಕೆಲವು ಕೋಶಗಳ ಒಂದು ಮಗ್ಗುಲಿನಲ್ಲಿ ಮರಿಕೋಶವೊಂದು ಮೊಳೆತು ಇನ್ನೂ ಕಳಚಿಕೊಳ್ಳದೆ ನಿಂತಿತ್ತು. ಬ್ಯಾಕ್ಟೀರಿಯಾ ಹೀಗೆ ಮೊಳೆಯುವುದಿಲ್ಲ. ಸೀನಿಯರ್ ಬಂದು ನೋಡಿ ಹೌದೆಂದರು.

ಇಂಥ ಫಲಿತಾಂಶವನ್ನು ಕಾಗದಕ್ಕೆ ಕಾಯದೆ ಫೋನಿನಲ್ಲಿಯೇ ತಿಳಿಸಿ, ಯಾರಿಗೆ ಹೇಳಿದ್ದು, ಎಷ್ಟು ಗಂಟೆಗೆ ಎಂದು ಪುಸ್ತಕದಲ್ಲಿ ಬರೆಯಬೇಕು. ಆ ಕಡೆ ಡ್ಯೂಟಿ ಡಾಕ್ಟರು ಕೇಳಿದ್ದು ಒಂದೇ ಮಾತು: “ಈಸ್ಟ್ ಆಣೋ?” ಈಸ್ಟ್, ಎಂದರೆ ಹೀಗೆ ಮೊಳೆಯುವ ಒಂಟಿಕೋಶದ ಶಿಲೀಂಧ್ರ, ಹೌದೇ ಎಂದು ಮಲಯಾಳದಲ್ಲಿ ಕೇಳಿದ್ದು. ಹೌದೆಂದೆ. ಚರ್ಮದ ಮೇಲಿನ ಕೆಲವು ಬ್ಯಾಕ್ಟೀರಿಯಾಗಳು ಬಾಟಲಿಯಲ್ಲಿ ಬೆಳೆದಾಗ ಅದು ನಿಜವಾದ ಸೋಂಕೇ, ಸೂಜಿ ಹಾಕುವಾಗ ಸೇರಿಕೊಂಡದ್ದೇ ಎಂಬ ಚರ್ಚೆ ನಡೆಯುತ್ತದೆ. ರಕ್ತದ ಬಾಟಲಿಯಲ್ಲಿ ಕ್ಯಾಂಡಿಡಾ ಬಂದರೆ ಅಂಥ ಚರ್ಚೆಗೆ ಎಡೆಯಿಲ್ಲ. ಒಂದೇ ಬಾಟಲಿಯಲ್ಲಿ ಬಂದರೂ ಅದನ್ನು ಸೋಂಕೆಂದೇ ತಿಳಿದು ಚಿಕಿತ್ಸೆ ಕೊಡಬೇಕು.

ಮುಂದಿನ ಪ್ರಶ್ನೆ, ಇದು ಕ್ಯಾಂಡಿಡಾಗಳಲ್ಲಿ ಯಾವುದು ಎಂಬುದು. ಕ್ಯಾಂಡಿಡಾ ಕ್ರೂಸಿಗೆ ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಮದ್ದು ಹುಟ್ಟಿನಿಂದಲೇ ತಾಗುವುದಿಲ್ಲ, ಕ್ಯಾಂಡಿಡಾ ಆರಿಸ್ ಹಲವು ಮದ್ದುಗಳಿಗೆ ಬಗ್ಗುವುದಿಲ್ಲ, ಹಾಗಾಗಿ ಜಾತಿ ಗೊತ್ತಾಗದೆ ಮದ್ದಿನ ತೀರ್ಮಾನ ಪೂರ್ತಿಯಾಗುವುದಿಲ್ಲ. ಬಾಟಲಿಯ ದ್ರವವನ್ನು ಬ್ಲಡ್ ಅಗರ್, ಸಬೊರೋ ಅಗರ್ ಮತ್ತು ಬಣ್ಣ ಬರಿಸುವ ಕ್ರೋಮ್ ಅಗರ್ ಎಂಬ, ಜೀವಿಗಳನ್ನು ಬೆಳೆಸುವ ಆಹಾರ ತುಂಬಿದ ಪ್ಲೇಟುಗಳ ಮೇಲೆ ಗೀರಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಲ್ಯಾಬುಗಳಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. ಗೋಡೆ ತೇವವಾಗಿ ಗಾಳಿಯಲ್ಲಿ ಬೂಸ್ಟಿನ ಬೀಜಾಣುಗಳು ತುಂಬಿರುತ್ತವೆ, ಮುಚ್ಚಳ ತೆರೆದ ಕ್ಷಣದಲ್ಲಿ ಪ್ಲೇಟಿನ ಮೇಲೆ ಕುಳಿತುಬಿಡುತ್ತವೆ. ಎರಡನೆಯ ದಿನ ಸಬೊರೋ ಪ್ಲೇಟಿನ ಅಂಚಿನಲ್ಲಿ ಹಸಿರು ಹುಡಿಯಂಥ ಒಂದು ಬೂಸ್ಟು ಎದ್ದಿತ್ತು. ಅದು ನಾನು ಗೀರಿದ ಗೆರೆಯಿಂದ ದೂರವಿದ್ದದ್ದರಿಂದ ಹೊರಗಿನದೆಂದು ತಿಳಿಯಿತು. ಗೆರೆಯ ಮೇಲಿದ್ದದ್ದು ಕೆನೆಬಣ್ಣದ, ನುಣುಪಾದ, ಸಣ್ಣ ಗುಳ್ಳೆಗಳು.

ಜರ್ಮ್ ಟ್ಯೂಬ್ ಪರೀಕ್ಷೆ ಹಳೆಯದು, ಅಗ್ಗದ್ದು, ನನಗೆ ಪ್ರಿಯವಾದದ್ದು. ಒಂದು ಗುಳ್ಳೆಯ ತುದಿಯನ್ನು ಅರ್ಧ ಮಿಲಿಲೀಟರ್ ಸೀರಮಿನಲ್ಲಿ ಕಲಸಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ, ಕ್ಯಾಂಡಿಡಾ ಅಲ್ಬಿಕನ್ಸ್ ಆಗಿದ್ದಲ್ಲಿ ಕೋಶದಿಂದ ಉದ್ದನೆಯ ನಳಿಕೆಯೊಂದು ಹೊರಡುತ್ತದೆ, ಬುಡದಲ್ಲಿ ಸೊಂಟ ಕಟ್ಟಿದಂತೆ ಕಿರಿದಾಗುವುದಿಲ್ಲ. ಇದರಲ್ಲಿ ನಳಿಕೆ ಬರಲಿಲ್ಲ. ಕ್ರೋಮ್ ಅಗರಿನಲ್ಲಿ ಅಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ, ಕ್ರೂಸಿ ಗುಲಾಬಿಯ ಒರಟು ಗುಳ್ಳೆ. ನಮ್ಮದು 48 ಗಂಟೆಯಾದರೂ ಬಿಳಿಚಿಕೊಂಡ ಕೆನೆಬಣ್ಣದಲ್ಲಿಯೇ ಉಳಿಯಿತು. ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಂಬ ಜಾತಿ ಇರಬಹುದೆಂಬ ಊಹೆ ಎಲ್ಲರಿಗೂ ಬಂತು. ಬಣ್ಣ ನೋಡಿ ಆರಿಸ್ ಅಲ್ಲವೆಂದು ಆಣೆಯಿಟ್ಟು ಹೇಳಲು ಮಾತ್ರ ಯಾರೂ ಸಿದ್ಧರಿರಲಿಲ್ಲ. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿಸಲಾದ ಆ ಜಾತಿಯನ್ನು ಹಳೆಯ ಗುರುತಿಸುವ ಯಂತ್ರಗಳು ಬೇರೆ ಹೆಸರಿನಲ್ಲಿ ಕರೆದು ಮೋಸಹೋದದ್ದುಂಟು, ಮತ್ತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಆದ್ಯತೆಯ ಪಟ್ಟಿಯಲ್ಲಿ ಅದು ಅತ್ಯಂತ ಗಂಭೀರವಾದ ಗುಂಪಿನಲ್ಲಿದೆ. ಪ್ಯಾರಾಪ್ಸಿಲೋಸಿಸ್ ಅದರ ಮುಂದಿನ ಗುಂಪಿನಲ್ಲಿದೆ.

ಇಲ್ಲೊಂದು ಅಡ್ಡಮಾತು. ಕೊಬ್ಬಿನ ದ್ರಾವಣ ಲೈನಿನಲ್ಲಿ ಹೋಗುತ್ತಿರುವ ಶಿಶುಗಳಲ್ಲಿ ಮಲಸೇಜಿಯಾ ಎಂಬ ಇನ್ನೊಂದು ಈಸ್ಟ್ ರಕ್ತಕ್ಕೆ ಇಳಿಯುವುದುಂಟು. ಅದಕ್ಕೆ ಬೆಳೆಯಲು ಕೊಬ್ಬು ಬೇಕು. ಸ್ಲೈಡಿನಲ್ಲಿ ಈಸ್ಟ್ ಕಂಡು ಪ್ಲೇಟಿನಲ್ಲಿ ಏನೂ ಬಾರದಿದ್ದರೆ, ಪ್ಲೇಟಿನ ಮೇಲೆ ಶುದ್ಧೀಕರಿಸಿದ ಆಲಿವ್ ಎಣ್ಣೆಯನ್ನು ತೆಳುವಾಗಿ ಹಚ್ಚಿ ನೋಡಬೇಕು. ನಮ್ಮ ಫ್ರಿಡ್ಜಿನ ಬಾಗಿಲಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಸೀಸೆ ಇದೆ. ಹೊಸದಾಗಿ ಸೇರಿದ ಹುಡುಗಿಯರು ಅದನ್ನು ಕಂಡು ನಗುತ್ತಾರೆ. ಈ ಬಾರಿ ಅದರ ಅಗತ್ಯ ಬೀಳಲಿಲ್ಲ.

ಜಾತಿಯನ್ನು ಖಚಿತಪಡಿಸಲು ಶುದ್ಧ ಬೆಳೆಯನ್ನು ಮಾಲ್ಡಿ-ಟಾಫ್ ಯಂತ್ರವಿರುವ ಮಂಗಳೂರಿನ ಲ್ಯಾಬೊಂದಕ್ಕೆ ಕಳುಹಿಸಿದೆವು. ಶಿಲೀಂಧ್ರದ ಪ್ರೋಟೀನುಗಳ ತೂಕವನ್ನು ಲೇಸರಿನಿಂದ ಅಳೆದು, ದಾಖಲೆಯಲ್ಲಿರುವುದರೊಂದಿಗೆ ಹೋಲಿಸಿ ಹೆಸರು ಹೇಳುವ ಯಂತ್ರವದು. ಕೆಲಸ ಕೆಲವೇ ನಿಮಿಷದ್ದು. ಮೂರು ಪದರದ ಡಬ್ಬದಲ್ಲಿ ಹಾಕಿ, ಸೀಲು ಮಾಡಿ, ಲ್ಯಾಬಿನ ಗಾಡಿಯಲ್ಲಿ ಕಳುಹಿಸಿದ್ದು ಕುಂಬಳೆ, ಉಪ್ಪಳ, ತಲಪಾಡಿ ದಾಟಿ ತಲುಪುವುದಕ್ಕೆ ತೆಗೆದುಕೊಂಡ ಹೊತ್ತು ಪರೀಕ್ಷೆಯ ಹೊತ್ತಿಗಿಂತ ಎಷ್ಟೋ ಹೆಚ್ಚು. ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಂದು ಉತ್ತರ ಬಂತು. ಮದ್ದುಗಳ ಪರೀಕ್ಷೆಯಲ್ಲಿ ಅದು ಫ್ಲುಕೊನಜೋಲಿಗೂ ಆಂಫೋಟೆರಿಸಿನ್ನಿಗೂ ಬಗ್ಗುವಂಥದ್ದೆಂದು ತಿಳಿಯಿತು.

ಹೆಸರು ಗೊತ್ತಾದ ಕೂಡಲೇ ಲಾಂಗ್ ಲೈನಿನ ಮಾತು ಬಂತು. ಪ್ಯಾರಾಪ್ಸಿಲೋಸಿಸ್ ಪ್ಲಾಸ್ಟಿಕ್ಕಿನ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುವುದರಲ್ಲಿ ನಿಸ್ಸೀಮ. ಆ ಪದರದೊಳಗೆ ಮದ್ದು ಸರಿಯಾಗಿ ಇಳಿಯುವುದಿಲ್ಲ. ಮದ್ದು ಹೋಗುತ್ತಿದ್ದರೂ ನಡುವೆ ತೆಗೆದ ಕಲ್ಚರ್ ಮತ್ತೆ ಪಾಸಿಟಿವ್ ಬಂದದ್ದು ಇದೇ ಕಾರಣಕ್ಕೆಂದು ಮೇಡಂ ಹೇಳಿದರು. ಇನ್ನೊಂದು ನಾಳ ಸಿಗುವುದೇ ಕಷ್ಟವಾದ ಮಗುವಿನ ಲೈನನ್ನು ಕೀಳುವುದು ಸಣ್ಣ ಮಾತಲ್ಲ, ಆದರೂ ಕಿತ್ತರು. ಅದರ ತುದಿಯನ್ನು ನಮಗೆ ಕಳುಹಿಸಿದ್ದರು. ಪ್ಲೇಟಿನ ಮೇಲೆ ಉರುಳಿಸಿದಾಗ ಅದೇ ಕೆನೆಬಣ್ಣದ ಗುಳ್ಳೆಗಳು ಒತ್ತೊತ್ತಾಗಿ ಎದ್ದವು.

ಶಿಲೀಂಧ್ರ ರಕ್ತದಿಂದ ಬೇರೆ ಅಂಗಗಳಿಗೆ ಹೋಗಿದೆಯೇ ಎಂದು ನೋಡುವ ಪರೀಕ್ಷೆಗಳು ಈ ನಡುವೆಯೇ ನಡೆದವು. ಮೂತ್ರವನ್ನು ಮೊದಲು ಚೀಲ ಅಂಟಿಸಿ ಹಿಡಿದು ಕಳುಹಿಸಿದ್ದರು. ಅದರಲ್ಲಿ ಚರ್ಮದ ಬ್ಯಾಕ್ಟೀರಿಯಾಗಳು ಬೆರೆತು ಅರ್ಥವಾಗುವಂತಿರಲಿಲ್ಲ, ನಳಿಕೆ ಹಾಕಿ ತೆಗೆದದ್ದನ್ನೇ ಕಳುಹಿಸಿ ಎಂದು ಕೇಳಿದೆವು. ಅದರಲ್ಲಿ ಏನೂ ಬೆಳೆಯಲಿಲ್ಲ. ಪ್ಲೇಟ್‌ಲೆಟ್ ಏರಿದ ಮೇಲೆ ಬೆನ್ನಿನ ನೀರು ತೆಗೆದರು. ರಕ್ತದಲ್ಲಿ ಸಿಗದ ಕ್ಯಾಂಡಿಡಾ ಅದರಲ್ಲಿ ಸಿಗುವುದುಂಟು, ಕೋಶಗಳ ಎಣಿಕೆ ಸಹಜವಾಗಿದ್ದರೂ ಮಿದುಳಿನ ಪೊರೆಯಲ್ಲಿ ಸೋಂಕಿರುವುದುಂಟು, ಆದ್ದರಿಂದ ಎಣಿಕೆಯನ್ನು ಮಾತ್ರ ನಂಬದೆ ಕಲ್ಚರಿನ ದಿನಗಳನ್ನೂ ಪೂರ್ತಿ ಕಾದೆವು. ಮೂತ್ರಪಿಂಡ ಮತ್ತು ತಲೆಯ ಸ್ಕ್ಯಾನ್, ಹೃದಯದ ಎಕೋ ಆದವು. ಕಣ್ಣಿನ ಡಾಕ್ಟರು, ಅವಧಿಪೂರ್ವ ಶಿಶುಗಳಿಗೆ ಹೇಗೂ ಮಾಡಬೇಕಾದ ಅಕ್ಷಿಪಟಲದ ತಪಾಸಣೆಯೊಂದಿಗೆ ಶಿಲೀಂಧ್ರದ ಬಿಳಿ ಗಂಟುಗಳನ್ನೂ ಹುಡುಕಿದರು. ಎಲ್ಲಿಯೂ ಇರಲಿಲ್ಲ.

ಅಜ್ಜಿಗೆ ಶಿಲೀಂಧ್ರದ ವಿಷಯ ಗೊತ್ತಾದದ್ದು ಆ ದಿನಗಳಲ್ಲಿ. ಅಡಿಕೆ ತೋಟದವರು. ಕಿಟಕಿಯ ಹತ್ತಿರ ನಿಂತು ಕೇಳಿದರು: “ಕೊಳೆರೋಗದ ಹಾಗೆಯಾ ಮಗಳೇ ಇದು? ನಾವು ಮಳೆ ಹಿಡಿಯುವ ಮೊದಲೇ ಮದ್ದು ಬಿಡ್ತೇವೆ. ಇಲ್ಲಿ ಬಂದ ಮೇಲೆ ನೋಡುದಾ?” ಕೊಳೆರೋಗದ ಜೀವಿ ಕಟ್ಟುನಿಟ್ಟಾಗಿ ಹೇಳಿದರೆ ಶಿಲೀಂಧ್ರವಲ್ಲ, ಅದಕ್ಕೆ ಬೋರ್ಡೋ ದ್ರಾವಣ ಮುಂಚಿತವಾಗಿ ಬಿಡುವಂತೆ ಶಿಶುಗಳಿಗೂ ಮುಂಚಿತವಾಗಿ ಮದ್ದು ಕೊಡುವ ಪದ್ಧತಿಯಿಲ್ಲ ಎನ್ನುವಂತೆಯೂ ಇಲ್ಲ. ಒಂದು ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಮಂದಿಗೆ ಈ ಸೋಂಕು ಬರುತ್ತಿರುವ ಘಟಕಗಳಲ್ಲಿ ಫ್ಲುಕೊನಜೋಲನ್ನು ಮೊದಲೇ ಕೊಡಬೇಕೆಂದು ಅಮೆರಿಕದ ಸೋಂಕುರೋಗ ತಜ್ಞರ 2016ರ ಮಾರ್ಗಸೂಚಿ ಹೇಳುತ್ತದೆ. ಹತ್ತಕ್ಕೆ ಎಷ್ಟು ಎಂದು ತಿಳಿಯಬೇಕಾದರೆ ಬಾಟಲಿಗಳಲ್ಲಿ ಸಾಕಷ್ಟು ರಕ್ತ ಬೀಳಬೇಕು. ಅರೆಬರೆ ತುಂಬಿದ ಬಾಟಲಿಗಳ ಲೆಕ್ಕದಿಂದ ಹೊರಡುವ ಸಂಖ್ಯೆ ಯಾವ ಘಟಕವನ್ನೂ ನಿಜಕ್ಕಿಂತ ಚೊಕ್ಕಟವಾಗಿಯೇ ತೋರಿಸುತ್ತದೆ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಮೇಡಮ್ಮನವರಲ್ಲಿ ಕೇಳಿ, ಒಳ್ಳೆಯ ಪ್ರಶ್ನೆ ಎಂದೆ.

ಲೈನ್ ತೆಗೆದ ನಂತರದ ಬಾಟಲಿಗಳಲ್ಲಿ ಬೆಳವಣಿಗೆ ನಿಂತಿತು. ಇಲ್ಲಿಯೂ ಮನೆಯವರಿಗೆ ಗೊಂದಲವಾಗುವ ಒಂದು ಲೆಕ್ಕವಿದೆ. ಮದ್ದನ್ನು ರಕ್ತ ಶುದ್ಧವಾದ ಮೇಲೆ ಎರಡು ವಾರ ಮುಂದುವರಿಸಬೇಕು, ಆ ಎರಡು ವಾರಗಳ ಎಣಿಕೆ ಮದ್ದು ಸುರುಮಾಡಿದ ದಿನದಿಂದಲೂ ಅಲ್ಲ, ನೆಗೆಟಿವ್ ವರದಿ ಕೈಗೆ ಬಂದ ದಿನದಿಂದಲೂ ಅಲ್ಲ. ಮೊದಲ ನೆಗೆಟಿವ್ ಬಾಟಲಿಗೆ ರಕ್ತ ತೆಗೆದ ದಿನದಿಂದ. ಹಾಗಾಗಿ ನಮ್ಮ ರಿಜಿಸ್ಟರಿನಲ್ಲಿ ಬಾಟಲಿ ಬಂದ ದಿನಾಂಕಕ್ಕಿಂತ ರಕ್ತ ತೆಗೆದ ದಿನಾಂಕ ಮತ್ತು ಗಂಟೆ ಮುಖ್ಯ. ವಾರ್ಡಿನಿಂದ ಬರುವ ಚೀಟಿಗಳಲ್ಲಿ ಹೆಚ್ಚಾಗಿ ಖಾಲಿ ಬಿಟ್ಟಿರುವ ಅಂಕಣವೂ ಅದೇ, ಮತ್ತು ಅದಕ್ಕಾಗಿ ಫೋನು ಮಾಡಿ ಮಾಡಿ ನಾನು ವಾರ್ಡಿನಲ್ಲಿ ಸಾಕಷ್ಟು ನಿಷ್ಠುರ ಕಟ್ಟಿಕೊಂಡಿದ್ದೇನೆ. ಮಗುವಿನ ಮದ್ದು ನಿಂತ ಮೇಲೆ ಇನ್ನೊಂದು ಬಾಟಲಿ ತೆಗೆದರು, ಅದೂ ಐದು ದಿನ ಮೌನವಾಗಿತ್ತು.

ಶಿಲೀಂಧ್ರ ಎಲ್ಲಿಂದ ಬಂತು ಎಂಬುದು ಇತ್ಯರ್ಥವಾಗಲಿಲ್ಲ. ಅಲ್ಬಿಕನ್ಸ್ ಹೆಚ್ಚಾಗಿ ತಾಯಿಯಿಂದ ಶಿಶುವಿಗೆ ಬರುತ್ತದೆ, ಪ್ಯಾರಾಪ್ಸಿಲೋಸಿಸ್ ಹೆಚ್ಚಾಗಿ ಆರೈಕೆ ಮಾಡುವವರ ಕೈಗಳ ಮೂಲಕ. ಉತ್ತರ ಭಾರತದ ಒಂದು ದೊಡ್ಡ ಆಸ್ಪತ್ರೆಯಲ್ಲಿ 1996ರಿಂದ 1998ರ ನಡುವೆ ಪಿಕಿಯಾ ಅನೊಮಾಲ ಎಂಬ ಅಪರೂಪದ ಈಸ್ಟ್ 379 ಶಿಶುಗಳಿಗೂ ಮಕ್ಕಳಿಗೂ ಹರಡಿದಾಗ ಅಲ್ಲಿಯ ತಜ್ಞರು ಸಿಬ್ಬಂದಿಯ ಕೈಗಳನ್ನೂ ಪರೀಕ್ಷಿಸಿದ್ದರು. ನಮ್ಮ ಘಟಕದಲ್ಲಿ ಆ ಹೊತ್ತಿಗೆ ಇನ್ನೊಂದು ಮಗುವಿನಲ್ಲಿ ಇದೇ ಜಾತಿ ಕಾಣಿಸಿಕೊಳ್ಳದಿದ್ದುದರಿಂದ ಕೈತೊಳೆಯುವ ತರಬೇತಿಯನ್ನು ಇನ್ನೊಮ್ಮೆ ಕೊಟ್ಟು ಅಷ್ಟಕ್ಕೇ ಬಿಟ್ಟರು. ಈ ಮಗುವಿನ ರಕ್ತದಿಂದ ಬೆಳೆದದ್ದನ್ನೂ ಲೈನಿನ ತುದಿಯಿಂದ ಬೆಳೆದದ್ದನ್ನೂ ಗ್ಲಿಸರಾಲಿನಲ್ಲಿ ಕಲಸಿ, ಬೇರೆ ಬೇರೆ ಸೀಸೆಗಳಲ್ಲಿ ಹಾಕಿ, ಸಂಖ್ಯೆ ಬರೆದು ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಮುಂದೆ ಇನ್ನೊಂದು ಶಿಶುವಿನಲ್ಲಿ ಪ್ಯಾರಾಪ್ಸಿಲೋಸಿಸ್ ಬಂದರೆ ಎರಡೂ ಒಂದೇ ಮೂಲದವೇ ಎಂದು ಹೋಲಿಸಿ ನೋಡಲು ಅವು ಬೇಕಾಗುತ್ತವೆ.